ವಿಮಾನದ ವಯಸ್ಸು

ಕಾರವಾರದ ಕಡಲದಂಡೆಯಲ್ಲಿ, ಚಾಪಲ್ ಯುದ್ಧನೌಕೆಯ ಬದಿಗೆ ನಿಂತಿರುವ ಟುಪೊಲೆವ್ ಎಂಬ ದೊಡ್ಡ ವಿಮಾನವನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಕಿನ್ನರದಿಂದ ಬಂದಿದ್ದ ನಮ್ಮ ಸೋದರತ್ತೆಯವರು ಅದನ್ನು ನೋಡಿ, "ಮುದಿಯಾದ ವಿಮಾನಗಳೇ ಅಲ್ಲವೆ ಬೀಳುವದು?" ಎಂದು ಕೇಳಿದರು. 2024ರ ಆಗಸ್ಟ್ 7ರಂದು ಕಾಳೀನದಿಯ ಹಳೆಯ ಸೇತುವೆ ಕುಸಿದಂದಿನಿಂದ ಹಳೆಯದೆಂದರೆ ಅವರಿಗೆ ಅಂಜಿಕೆ. ಬರುವ ತಿಂಗಳು ವಿಮಾನದಲ್ಲಿ ಮಗಳ ಮನೆಗೆ ಹೋಗಬೇಕಾಗಿದೆ ಬೇರೆ.

ಈ ಜಾತಿಯ ವಿಮಾನಗಳು ನಮ್ಮ ನೌಕಾದಳದಲ್ಲಿ 1988ರಿಂದ 2017ರ ವರೆಗೆ ದುಡಿದು ವಿಶ್ರಾಂತಿ ಪಡೆದವು. ಕರ್ನಾಟಕದ ಎರಡು ಘೋರ ಅಪಘಾತಗಳಾದರೋ ಹೊಸ ವಿಮಾನಗಳಿಗೇ ಒದಗಿದವು. 1990ರ ಫೆಬ್ರುವರಿ 14ರಂದು ಬೆಂಗಳೂರಿನಲ್ಲಿ ಬಿದ್ದು 92 ಜನರನ್ನು ಬಲಿಗೊಂಡ ವಿಮಾನವು ಸೇವೆಗೆ ಬಂದು ಕೆಲವೇ ತಿಂಗಳಾಗಿದ್ದವು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರು ಮಡಿದ ವಿಮಾನಕ್ಕೂ ಮೂರು ವರ್ಷ ತುಂಬಿರಲಿಲ್ಲ. ಅಲ್ಲಿ ಮರಳಿ ಮೇಲೇರಬೇಕೆಂದು ಜೊತೆಯ ಚಾಲಕನು ಮೂರು ಸಲ ಎಚ್ಚರಿಸಿದರೂ ಮುಖ್ಯ ಚಾಲಕನು ಇಳಿಸಿಯೇ ಬಿಟ್ಟನು. ತಗಡಿನ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ಹಾಗಾದರೆ ಲೋಹಕ್ಕೆ ಮುಪ್ಪಿಲ್ಲವೆ? ಉಂಟು, ಆದರೆ ಪಂಚಾಂಗದಿಂದ ಅದನ್ನು ಎಣಿಸಲಾಗದು. ಎತ್ತರದಲ್ಲಿ ಉಸಿರಾಡಲು ಅನುಕೂಲವಾಗಲೆಂದು ವಿಮಾನದೊಳಗೆ ಗಾಳಿಯನ್ನು ಒತ್ತಿ ತುಂಬುವರು. ಪ್ರತಿ ಹಾರಾಟದಲ್ಲಿಯೂ ಅದರ ಮೈ ತುಸು ಉಬ್ಬಿ, ಇಳಿದಾಗ ಕುಗ್ಗುವದು. ತಂತಿಯನ್ನು ಹತ್ತಾರು ಸಲ ಬಾಗಿಸಿ ನೆಟ್ಟಗೆ ಮಾಡಿದರೆ ಮುರಿಯುವದಷ್ಟೆ! ಕಾಮೆಟ್ ಎಂಬ ಇಂಗ್ಲಿಷ್ ವಿಮಾನವೊಂದು ಮೂರೇ ವರ್ಷಗಳಲ್ಲಿ, 1,290 ಹಾರಾಟಗಳಿಗೇ ದಣಿದು, 1954ರಲ್ಲಿ ಎಲ್ಬಾ ದ್ವೀಪದ ಬಳಿ ಆಕಾಶದಲ್ಲಿಯೇ ಒಡೆಯಿತು. ಕಾರಣವನ್ನು ಅರಿಯಲು ಅಂಥದೇ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು, ಅದರೊಳಗೆ ನೀರನ್ನು ಒತ್ತಿ ತುಂಬಿ ಬಿಡುತ್ತ ಬಂದರು. ಗೋಡೆಯ ಕಂಡಿಯೊಂದರ ಮೂಲೆಯಿಂದ ಬಿರಿಯಿತು.

ನಮ್ಮಂಥ ಕರಾವಳಿಯವರಿಗೆ ಹವಾಯಿ ದ್ವೀಪಗಳ ಸಂಗತಿಯು ಹೆಚ್ಚು ಹತ್ತಿರದ್ದು. ಅಲ್ಲಿಯ ಒಂದು ವಿಮಾನವು ದ್ವೀಪದಿಂದ ದ್ವೀಪಕ್ಕೆ ಸಣ್ಣ ಸಣ್ಣ ಪಯಣ ಮಾಡುತ್ತ 19 ವರ್ಷಗಳಲ್ಲಿ 89,680 ಸಲ ಹಾರಿತ್ತು. ಜೊತೆಗೆ ಕಡಲಿನ ಉಪ್ಪುಗಾಳಿ. ತಗಡುಗಳನ್ನು ಹಿಡಿದಿದ್ದ ಅಂಟು ಬಿಟ್ಟು, ಭಾರವೆಲ್ಲ ರಿವೆಟ್ಟುಗಳ ಮೇಲೆ ಬಿದ್ದು, ಅವುಗಳ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕುಗಳು ಮೂಡಿದ್ದವು. ತಪಾಸಣೆಯಲ್ಲಿ ಯಾರಿಗೂ ಅವು ಕಾಣಲಿಲ್ಲ. 1988ರ ಏಪ್ರಿಲ್ 28ರಂದು 24,000 ಅಡಿ ಎತ್ತರದಲ್ಲಿ ಮೇಲ್ಛಾವಣಿಯೇ ಹಾರಿಹೋಯಿತು. ಒಬ್ಬ ಪರಿಚಾರಿಕೆಯು ಗಾಳಿಯ ಪಾಲಾದಳು. ಉಳಿದವರನ್ನು ಚಾಲಕರು ಜೀವಸಹಿತ ಇಳಿಸಿದರು. ಹತ್ತುವಾಗಲೇ ಬಿರುಕನ್ನು ಕಂಡಿದ್ದೆನೆಂದು ಪ್ರಯಾಣಿಕಳೊಬ್ಬಳು ಆಮೇಲೆ ಹೇಳಿದಳು. ಆಗ ಮಾತ್ರ ಯಾರಿಗೂ ತಿಳಿಸಿರಲಿಲ್ಲ.

ಇದನ್ನು ಕೇಳಿ ಅತ್ತೆಯವರು ಪಯಣವನ್ನು ಬಿಡಲಿಲ್ಲ. ಬಾಗಿಲ ಬಳಿಯ ತಗಡನ್ನು ಒಮ್ಮೆ ನೋಡಿಯೇ ಒಳಗೆ ಹೋಗುವರಂತೆ. ಕನ್ನಡಕವನ್ನು ಒರೆಸಿ ಇಟ್ಟುಕೊಂಡಿದ್ದಾರೆ.