ಬಲ್ಬ್ ಉರೀತು ಅಂದ್ರೆ ವೈರಿಂಗ್ ಸರಿಯಿದೆ ಅಂತಲ್ಲ

ನಮ್ಮ ಹೆಸರಘಟ್ಟದ ಕಡೆ ದನದ ಕೊಟ್ಟಿಗೆಗೆ ಲೈಟ್ ಹಾಕಿಸಿದರೆ ನೋಡೋದು ಒಂದೇ: ಬಲ್ಬ್ ಉರೀತಾ? ಉರಿದರೆ ಕಾಸು ಕೊಟ್ಟು ಕಳಿಸ್ತಾರೆ. 1905ರಲ್ಲೇ ಕರೆಂಟ್ ದೀಪ ಕಂಡ ಬೆಂಗಳೂರಿನ ಪಕ್ಕದಲ್ಲಿದ್ದು ಇವತ್ತಿಗೂ "ಉರೀತಲ್ಲ, ಸಾಕು" ಅನ್ನೋದನ್ನ ನಾನು ಒಪ್ಪಲ್ಲ.

ಸ್ವಿಚ್ಚನ್ನು ಫೇಸ್ ವೈರಿಗೆ ಹಾಕಿದರೂ ಬಲ್ಬ್ ಉರಿಯುತ್ತೆ, ನ್ಯೂಟ್ರಲ್‌ಗೆ ಹಾಕಿದರೂ ಉರಿಯುತ್ತೆ. ಆದರೆ ನ್ಯೂಟ್ರಲ್‌ಗೆ ಹಾಕಿದ್ದರೆ, ಆಫ್ ಮಾಡಿದ ಮೇಲೂ ಹೋಲ್ಡರಲ್ಲಿ 230 ವೋಲ್ಟ್ ಹಾಗೇ ಇರುತ್ತೆ. ಗಂಜಲದ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಲ್ಬ್ ಬದಲಿಸೋರು ನಮ್ಮ ಮನೆ ಹೆಂಗಸರು, ಮಕ್ಕಳು.

"ಎಂಸಿಬಿ ಇದೆಯಲ್ಲ" ಅಂತಾರೆ. ಅದು ಕಾಯೋದು ವೈರನ್ನ, ಮನುಷ್ಯನನ್ನಲ್ಲ. ಪ್ರಾಣ ಹೋಗೋಕೆ 0.1 ಆಂಪಿಯರ್ ಸಾಕು. 6 ಆಂಪಿಯರ್ ಎಂಸಿಬಿಗೆ ಅದು ಗೊತ್ತೇ ಆಗಲ್ಲ. ಜೀವ ಕಾಯೋದು 30 ಮಿಲಿಆಂಪಿಯರ್ ಆರ್‌ಸಿಸಿಬಿ, ಜೊತೆಗೆ ಸರಿಯಾದ ಅರ್ತಿಂಗ್. ಗೃಹಜ್ಯೋತಿ ಬಿಲ್ ಉಳಿಸುತ್ತೆ, ಜೀವ ಉಳಿಸಲ್ಲ. ಮೀಟರಿಂದ ಈಚೆಗಿನ ವೈರಿಂಗ್ ನಮ್ಮದೇ ಹೊಣೆ.

ಕೂಲಿ ಕೊಡೋ ಮುಂಚೆ ಸ್ವಿಚ್ ಆಫ್ ಮಾಡಿಸಿ, ಬಲ್ಬ್ ಬಿಚ್ಚಿಸಿ, ಹೋಲ್ಡರಿನ ಎರಡೂ ಪಿನ್ನಿಗೆ ವೈರ್‌ಮನ್ ಕೈಲೇ ಟೆಸ್ಟರ್ ಇಡಿಸಿ. ಟೆಸ್ಟರ್ ಹತ್ತಿಕೊಂಡರೆ ಸ್ವಿಚ್ ನ್ಯೂಟ್ರಲ್‌ನಲ್ಲಿದೆ. ಸರಿ ಮಾಡಿಸಿ, ಆಮೇಲೆ ಕಾಸು ಕೊಡಿ.