ನಾಯಿಮರಿಯ ಕೆಂಪು ಉಚ್ಚೆ ಬರೀ ಉಷ್ಣ ಅಲ್ಲ

ಹಸು ಕೆಂಪಗೆ ಗಂಜಲ ಹುಯ್ದರೆ ನಮ್ಮಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ. ಉಣ್ಣೆ ಜ್ವರವೋ, ಕರು ಹಾಕಿದ ಮೇಲೆ ರಂಜಕದ ಕೊರತೆಯೋ ಎಂದು ಮಾತಾಡಿಕೊಂಡು ಅವತ್ತೇ ಡಾಕ್ಟರಿಗೆ ಹೇಳಿ ಕಳಿಸುತ್ತೇವೆ. ಹೊಲ ಕಾಯುವ ನಾಯಿಯ ಮರಿ ಕೆಂಪಗೆ ಉಚ್ಚೆ ಹುಯ್ದರೆ ಮಾತ್ರ ‘ಉಷ್ಣ ಆಗಿದೆ, ಮಜ್ಜಿಗೆ ಹಾಕಿ’ ಅಂತೀವಿ. ಹಸು ಹಾಲು ಕೊಡುತ್ತೆ, ಮರಿ ಏನು ಕೊಡುತ್ತೆ ಅನ್ನೋ ಲೆಕ್ಕ ಇದು. ಈ ಲೆಕ್ಕ ತಪ್ಪು ಎಂದೇ ನನ್ನ ವಾದ.

ಮೊದಲು ಉಚ್ಚೆಯನ್ನೇ ನೋಡಬೇಕು. ತೊಳೆದ ಗಾಜಿನ ಬಾಟಲಿಯಲ್ಲಿ ಹಿಡಿದು ಸ್ವಲ್ಪ ಹೊತ್ತು ಅಲುಗಿಸದೆ ಇಡಿ. ಕೆಂಪು ತಳಕ್ಕೆ ಇಳಿದು ಮೇಲೆ ತಿಳಿಯಾದರೆ ಅದು ನೆತ್ತರು; ಮೂತ್ರಕೋಶದ ಸೋಂಕು, ಕಲ್ಲು, ಪೆಟ್ಟು ಅಥವಾ ಇಲಿ ಪಾಷಾಣ ಕಾರಣ ಇರಬಹುದು. ಇಳಿಯದೆ ಎಲ್ಲಾ ಒಂದೇ ಸಮ ಕಾಫಿ ಬಣ್ಣ ಇದ್ದರೆ ಮೈಯೊಳಗೆ ರಕ್ತಕಣ ಒಡೆಯುತ್ತಿವೆ ಎಂದು ಅನುಮಾನಿಸಬೇಕು. ಅದಕ್ಕೆ ದೊಡ್ಡ ಕಾರಣ ಉಣ್ಣೆ. ಉಣ್ಣೆ ಕಚ್ಚಿದಾಗ ಬೆಬೀಸಿಯ ಎಂಬ ಸೂಕ್ಷ್ಮಜೀವಿ ರಕ್ತಕ್ಕೆ ಸೇರುತ್ತದೆ. ಹಸುವಿನ ಕೆಂಪು ಗಂಜಲಕ್ಕೂ ಅದರ ಕುಲದ್ದೇ ಕಾರಣ. ಮರಿಯ ತುಟಿ ಎತ್ತಿ ವಸಡು ನೋಡಿ, ಬಿಳಿಚಿದ್ದರೆ ಇಲ್ಲವೆ ಹಳದಿಯಾಗಿದ್ದರೆ ನಾಳೆ ಅನ್ನಬೇಡಿ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಿ. ಅಡುಗೆಮನೆಯ ಈರುಳ್ಳಿಯೂ ನಾಯಿಯ ರಕ್ತಕಣ ಒಡೆಯುತ್ತದೆ. ಉಳಿದ ಸಾರು ಸುರಿಯುವವರು ಗಮನಿಸಿ. ಹೆಣ್ಣುಮರಿ ಬೆದೆಗೆ ಬಂದಿದೆ ಎನ್ನುವವರೂ ಇದ್ದಾರೆ. ಮೂರು ತಿಂಗಳ ಮರಿಗೆ ಎಲ್ಲಿಯ ಬೆದೆ?

ಬಾಟಲಿ ನೋಡುವುದು ನಮ್ಮ ತಿಳಿವಳಿಕೆಗೆ ಅಷ್ಟೆ. ನಿರ್ಧಾರ ಡಾಕ್ಟರದು, ರಕ್ತದ ಪರೀಕ್ಷೆ ಅವರೇ ಮಾಡಿಸಬೇಕು.

ನಮ್ಮ ಮಹದೇವಪುರದ ಸುತ್ತ ರಾಗಿ ಹೊಲ ಹೋಗಿ ಕಟ್ಟಡ ಎದ್ದಿವೆ. ಖಾಲಿ ಸೈಟಿಗೆ ಕಸ, ಕಸಕ್ಕೆ ಇಲಿ, ಇಲಿಗೆ ಪಾಷಾಣ. ಅಂಗಡಿಯ ಬ್ರೋಮಾಡಿಯೋಲೋನ್ ಕೇಕು ತಿಂದ ಮರಿ ಅವತ್ತು ಆಡಿಕೊಂಡೇ ಇರುತ್ತದೆ. ಕೆಲವು ದಿನ ಕಳೆದು ರಕ್ತ ಹೆಪ್ಪುಗಟ್ಟುವುದು ನಿಂತು ಮೂಗು, ವಸಡು, ಉಚ್ಚೆಯಲ್ಲಿ ನೆತ್ತರು ಕಾಣುತ್ತದೆ. ಇದಕ್ಕೆ ವಿಟಮಿನ್ ಕೆ-1 ಇದೆ, ವಾರಗಟ್ಟಲೆ ಕೊಡಬೇಕಾಗುತ್ತದೆ. ಪಾಷಾಣದ ಪೊಟ್ಟಣ ಸಿಕ್ಕರೆ ಜೊತೆಗೆ ಒಯ್ಯಿರಿ. ಎಲ್ಲಾ ಪಾಷಾಣಕ್ಕೂ ಒಂದೇ ಮದ್ದಲ್ಲ.

ಇಲಿಯ ಉಚ್ಚೆಯಿಂದ ಬರುವ ಇಲಿಜ್ವರ ಇನ್ನೊಂದು. ಮರಿಯ ಮೂತ್ರಪಿಂಡ, ಲಿವರ್ ಎರಡೂ ಕೆಡುತ್ತವೆ. ಇದು ಮನುಷ್ಯನಿಗೂ ಅಂಟುತ್ತದೆ, ಆ ಉಚ್ಚೆಯಿಂದಲೇ. ಮಜ್ಜಿಗೆ ಕುಡಿಸಿ ಕಾಯುವ ಎರಡು ದಿನ ಮನೆಯ ಮಕ್ಕಳು ಅದೇ ಮರಿಯನ್ನು ಎತ್ತಿಕೊಂಡಿರುತ್ತಾರೆ. ಕೈಗೆ ಚೀಲ ಕಟ್ಟಿಕೊಂಡು ಉಚ್ಚೆ ಬಳಿಯಿರಿ, ಆ ಜಾಗಕ್ಕೆ ಬ್ಲೀಚಿಂಗ್ ಹಾಕಿ, ಸೋಪಿನಲ್ಲಿ ಕೈ ತೊಳೆಯಿರಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮರಿಯ ವಿಷಯ ಡಾಕ್ಟರಿಗೆ ಹೇಳಿ.

ಮಜ್ಜಿಗೆಗಿಂತ ನನಗೆ ಹೆಚ್ಚು ಹೆದರಿಕೆ ಕೊಟ್ಟಿಗೆಯ ಔಷಧಿಯದು. ಹಸುವಿಗೆ ತಂದ ಬೆರೆನಿಲ್ ಇಂಜೆಕ್ಷನ್ ಉಳಿದಿದೆ ಎಂದು ಅಂದಾಜಿನಲ್ಲಿ ಮರಿಗೆ ಚುಚ್ಚುವವರಿದ್ದಾರೆ. ಮದ್ದು ಸರಿಯಾದದ್ದೇ ಇರಬಹುದು, ಆದರೆ ನಾಯಿಗೆ ಅಳತೆ ಸ್ವಲ್ಪ ಮೀರಿದರೂ ನರಕ್ಕೆ ಹೊಡೆತ. ದನದ ಮೈಗೆ ಹಚ್ಚುವ ಉಣ್ಣೆ ಔಷಧಿಯೂ ಹಾಗೇ, ಮರಿ ನೆಕ್ಕಿಕೊಳ್ಳುತ್ತದೆ. ನಮ್ಮ ನೋವಿನ ಮಾತ್ರೆಯಂತೂ ಬೇಡವೇ ಬೇಡ.

ಉಚ್ಚೆಗೆ ಮತ್ತೆಮತ್ತೆ ಕುಳಿತು ಹನಿಯೂ ಬರದಿದ್ದರೆ ಗಂಟೆ ಲೆಕ್ಕದಲ್ಲಿ ಹೊರಡಬೇಕು. ನಮ್ಮ ಕಡೆಯವರಿಗೆ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆ ಇದೆ. ಕಾಲೇಜು 1958ರಿಂದ ನಡೆಯುತ್ತಿದೆ. ದೂರ ಅನಿಸಿದರೆ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಅವತ್ತಿನ ಉಚ್ಚೆ ಒಂದಿಷ್ಟು ಬಾಟಲಿಯಲ್ಲಿರಲಿ. ಎಂಟೊಂಬತ್ತು ವಾರದ ಮರಿಗೆ ಹಾಕಿಸುವ ಲಸಿಕೆಯಲ್ಲಿ ಇಲಿಜ್ವರದ್ದೂ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ. ಮೂರು-ನಾಲ್ಕು ವಾರ ಬಿಟ್ಟು ಎರಡನೇ ಸಲ, ಆಮೇಲೆ ವರ್ಷಕ್ಕೊಮ್ಮೆ ಅದನ್ನು ಹಾಕಿಸಬೇಕು.