ಕಾಮಣ್ಣ, ಹಾಮಾನ ಮತ್ತು ‘ಮನರಂಜನೆ’ಯ ಅಧ್ಯಾಯ

ನಮ್ಮ ಜಾನಪದ ಸಂಶೋಧನೆಯಲ್ಲಿ ಹಬ್ಬವೊಂದಕ್ಕೆ ಎರಡು ಅಧ್ಯಾಯ. ಪೂಜೆ, ಹರಕೆ, ನೈವೇದ್ಯ ‘ಆಚರಣೆ’ಗೆ ಹೋಗುತ್ತವೆ, ಸೋಗು, ಬೈಗುಳ, ಕೇಕೆಗಳೆಲ್ಲ ಕೊನೆಯ ‘ಮನರಂಜನೆ’ಗೆ. ನನ್ನ ಪ್ರಬಂಧವನ್ನೂ ಹೀಗೇ ಒಡೆಯಬೇಕೆಂದು ಹಿರಿಯರೊಬ್ಬರು ಹೇಳಿದರು. ಇಳಕಲ್ಲಿನಲ್ಲಿ ಬೆಳೆದ ನನಗೆ ಈ ಗೆರೆ ಹೋಳಿಯಲ್ಲಿ ಎಲ್ಲಿಯೂ ಕಂಡಿಲ್ಲ.

ಕಾಮಣ್ಣನಿಗೆ ಕುಳ್ಳು, ಕಟ್ಟಿಗೆ ಕದ್ದೇ ತರಬೇಕು. ಅವನು ಸುಡುವಾಗ ಬಾಯಿ ಬಡಿದುಕೊಂಡು ಲಬೋ ಲಬೋ ಎನ್ನಬೇಕು. ಸತ್ತವರ ಮನೆಯ ಅಳುವಿನ ಅಣಕವದು. ಇದರಲ್ಲಿ ಆಚರಣೆ ಯಾವುದು, ಮನರಂಜನೆ ಯಾವುದು? ದಿನಗಟ್ಟಲೆ ನಡೆಯುವ ಬಾಗಲಕೋಟೆಯ ಹೋಳಿಯಲ್ಲಿ ಹಲಗೆಯ ಸದ್ದು, ಬಣ್ಣದ ಬಂಡಿಗಳ ಜೊತೆಗೆ ಸೋಗಿನ ಬಂಡಿಯೂ ಬರುತ್ತದೆ. ಅದನ್ನು ತೆಗೆದುಬಿಟ್ಟರೆ ಉಳಿಯುವುದು ಬರೀ ಬಣ್ಣದ ನೀರು.

ಇದೆಲ್ಲ ಹಳ್ಳಿಗರ ಒರಟುತನ, ಧರ್ಮಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನುವವರು ಯಹೂದಿಗಳ ಪೂರಿಮ್ ಹಬ್ಬವನ್ನು ನೋಡಬೇಕು. ಕೊಂಕಣ ಕರಾವಳಿಯ ಮರಾಠಿ ಮಾತಿನ ಯಹೂದಿಗಳಾದ ಬೆನೆ ಇಸ್ರೇಲರು ಅದನ್ನು ‘ಹೋಳಿಚಾ ಸಣ’, ಅಂದರೆ ಹೋಳಿಯ ಹಬ್ಬ, ಎಂದೇ ಕರೆದರು. ಎರಡೂ ಹುಣ್ಣಿಮೆಯ ಹಬ್ಬಗಳು, ಬಹುತೇಕ ಒಂದೇ ಕಾಲಕ್ಕೆ ಬರುತ್ತವೆ. ಆದರೆ ನಂಟು ಪಂಚಾಂಗದಲ್ಲಷ್ಟೇ ಇಲ್ಲ. ಆ ದಿನ ಸಿನಗಾಗ್‌ನಲ್ಲಿ ಎಸ್ತೇರಳ ಕಥೆಯ ಸುರುಳಿಯನ್ನು ಓದುತ್ತಾರೆ. ಯಹೂದಿಗಳನ್ನೆಲ್ಲ ಕೊಲ್ಲಿಸಲು ಹೊರಟ ಪರ್ಷಿಯಾದ ಮಂತ್ರಿ ಹಾಮಾನನ ಹೆಸರು ಬಂದಾಗಲೆಲ್ಲ ಜನ ಕಾಲು ಬಡಿದು, ಗಿಲಕಿ ತಿರುಗಿಸಿ ಆ ಹೆಸರೇ ಕೇಳದಂತೆ ಮಾಡುತ್ತಾರೆ. ಗಲಾಟೆ ನಡೆಯುವುದು ಪ್ರಾರ್ಥನಾ ಮಂದಿರದ ಒಳಗೇ, ಪವಿತ್ರ ಗ್ರಂಥದ ಓದಿನ ನಡುವೆಯೇ! ಹೀಬ್ರೂ ಭಾಷೆಯ ಆ ಪುಸ್ತಕದಲ್ಲಿ ದೇವರ ಹೆಸರು ಒಮ್ಮೆಯೂ ಬರುವುದಿಲ್ಲ ಎಂಬುದು ನನಗೆ ಬಲು ಇಷ್ಟವಾದ ಸಂಗತಿ.

ಅಲ್ಲಿನ ಪಂಡಿತರು ನಗುವನ್ನು ಧರ್ಮಶಾಸ್ತ್ರದ ವಿಷಯವೆಂದೇ ಚರ್ಚಿಸಿದರು. ಹಾಮಾನನಿಗೆ ಶಾಪ ಯಾವುದು, ಮೊರ್ದೆಕಾಯನಿಗೆ ಹರಕೆ ಯಾವುದು ಎಂಬ ಭೇದ ತಿಳಿಯದಷ್ಟು ಕುಡಿಯಬೇಕೆಂಬ ಮಾತು ತಾಲ್ಮುಡ್‌ನಲ್ಲೇ ಇದೆ. ಗಂಡು ಹೆಣ್ಣಿನ ಉಡುಪು ತೊಡುವುದನ್ನು ಬೈಬಲ್ ನಿಷೇಧಿಸಿದೆ. ಆದರೂ 16ನೇ ಶತಮಾನದ ಪೋಲೆಂಡಿನ ಪಂಡಿತ ಮೋಸೆಸ್ ಇಸರ್ಲಸ್, ಪೂರಿಮ್‌ನಲ್ಲಿ ಉದ್ದೇಶ ಸಂತೋಷವಷ್ಟೇ ಆದ್ದರಿಂದ ಅದು ತಪ್ಪಲ್ಲ ಎಂದ. ನಮ್ಮ ವಿದ್ವಾಂಸರು ಸೋಗಿಗೆ ಅಷ್ಟು ತಲೆ ಕೆಡಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು. ‘ಮನರಂಜನೆ’ ಎಂದು ಬರೆದು ಮುಗಿಸಿದರು.

ನಗುವನ್ನು ಹೊಗಳಿ ಸುಮ್ಮನಾಗುವುದೂ ಸೋಮಾರಿತನವೇ. ಪೂರಿಮ್‌ನ ಗದ್ದಲ ಕೊಲ್ಲಬಂದ ಮಂತ್ರಿಯ ಮೇಲೆ. ನಮ್ಮ ಹೋಳಿಯ ಬೈಗುಳ ಬೀಳುವುದು ಹೆಚ್ಚಾಗಿ ಹೆಂಗಸರ ಮೇಲೆ, ಅದೂ ಅವರು ತಿರುಗಿ ಬೈಯಲಾರರು ಎಂಬ ಭರವಸೆಯಿಂದ. ಇದಕ್ಕೆ ಸಭ್ಯರು ಹೇಳುವ ಮದ್ದು ಹಲಗೆ ನಿಲ್ಲಿಸಿ, ವೇದಿಕೆ ಹಾಕಿ, ಅತಿಥಿಗಳನ್ನು ಕರೆಸಿ ಭಾಷಣ ಮಾಡಿಸುವುದು. ನನಗದು ಬೇಡ. ಎಸ್ತೇರಳ ಓದನ್ನು ಕೇಳುವುದು ಹೆಂಗಸರಿಗೂ ಕಡ್ಡಾಯ ಎಂದು ತಾಲ್ಮುಡ್ ವಿಧಿಸುತ್ತದೆ. ಅದು ಕೊಡುವ ಕಾರಣ, ಆ ಪವಾಡದಲ್ಲಿ ಅವರೂ ಪಾಲುದಾರರು ಎಂಬುದು. ಅದೇ ತರ್ಕ ನಮಗೂ ಸಲ್ಲಬೇಕು. ನಮ್ಮ ಓಣಿಯಲ್ಲಿ ಹೆಣ್ಣಿನ ಸೋಗಿಗೆ ಅಕ್ಕನ ಟೋಪಿ ತೆನೆ ಸೆರಗಿನ ಇಳಕಲ್ ಸೀರೆಯನ್ನು ಕೇಳಿ ಒಯ್ಯುತ್ತಾರೆ, ಅಕ್ಕ ಮಾಳಿಗೆಯ ಮೇಲೆ ನಿಂತು ನೋಡುತ್ತಾಳೆ. ಮುಂದಿನ ಹೋಳಿಗೆ ಅವಳೂ ಧೋತರ ಕಟ್ಟಿ, ಮೀಸೆ ಬರೆದುಕೊಂಡು ಆ ಬಂಡಿ ಹತ್ತಲಿ. ತಡೆಯುವವರು ಕಾರಣವನ್ನು ಓಣಿಯ ನಡುವೆ ನಿಂತು, ಗಟ್ಟಿಯಾಗಿ ಹೇಳಲಿ.